ಪ್ರಣಿತಾ ಇಲ್ಲದ ಕ್ಲಾಸು

ಬಾಳಿವೇಸ, ಸೊಲ್ಲಾಪುರ
7 ಫೆಬ್ರುವರಿ 2025, ಶುಕ್ರವಾರ

ಪ್ರೀತಿಯ ಪ್ರಣಿತಾ,

ನಿನ್ನ ಅತ್ತೆ ಕಸ್ತೂರಬಾಯಿ ಮಾಡುವ ಆಶೀರ್ವಾದಗಳು. ನಾವಿಲ್ಲಿ ಆರಾಮ ಇದ್ದೇವೆ. ನೀನು ಹೇಗಿದ್ದೀಯ? ನಿನ್ನ ತಾಯಿಯವರ ಮೊಣಕಾಲು ಹೇಗಿದೆ? ತುಳಜಾಬಾಯಿಯವರಿಗೆ ಹೇಳು, ಎಳ್ಳೆಣ್ಣೆ ಬೆಚ್ಚಗೆ ಮಾಡಿ ಮೊಣಕಾಲಿನ ಹಿಂಬದಿಗೆ ಹಚ್ಚಬೇಕು. ಎಲ್ಲರೂ ಮುಂಬದಿಗೇ ತಿಕ್ಕಿ ತಿಕ್ಕಿ ಸುಸ್ತಾಗುತ್ತಾರೆ. ಫೋನಿನಲ್ಲಿ ಕೇಳಿದಾಗಲೆಲ್ಲ ನೀನು "ಆರಾಮ ಅದಾಳ್ರಿ ಅತ್ತಿಯವರ" ಅನ್ನುತ್ತೀಯ. ಅವರು ಆರಾಮ ಇದ್ದರೆ ನೀನು ಹದಿನೈದು ದಿನದಿಂದ ಅಕ್ಕಲಕೋಟೆಯಲ್ಲಿ ಏಕೆ ಇದ್ದೀಯ? ಆರಾಮ ಇಲ್ಲದಿದ್ದರೆ ನಾನೇಕೆ ಇನ್ನೂ ನೋಡಲು ಬಂದಿಲ್ಲ? ಎರಡರಲ್ಲಿ ಯಾವುದು ನಿಜವೆಂದು ನನಗೆ ಗೊತ್ತಾಗುತ್ತಿಲ್ಲ. ಹೋಗುವಾಗ ನೀನು ಕಾಲಿಗೆ ನಮಸ್ಕಾರ ಮಾಡಿ, "ಹೋಗಿ ಬರ್ತೀನ್ರಿ" ಎಂದು ನಕ್ಕೇ ಹೋದೆ. ಸಿಟ್ಟು ಮಾಡಿಕೊಂಡು ಹೋದವರು ನಗುತ್ತಾರೆಯೇ? ಪ್ರಸಾದನನ್ನು ಕೇಳಿದರೆ "ಬರ್ತಾಳ ಬಿಡಮ್ಮ" ಅನ್ನುತ್ತಾನೆ. ನಿನ್ನ ಮಾವನವರನ್ನು ಕೇಳಿದರೆ ಪೇಪರಿನಿಂದ ಕಣ್ಣೆತ್ತದೆ, "ನಿನಗ ಎಲ್ಲಾದ್ರಾಗೂ ಸಂಶಯ" ಅನ್ನುತ್ತಾರೆ. ಅದಕ್ಕೇ ಕಾಗದ ಹಿಡಿದು ಕೂತಿದ್ದೇನೆ. ಈ ಮನೆಯಲ್ಲಿ ಕನ್ನಡ ಓದುವವರು ನಾವಿಬ್ಬರೇ. ನಿನ್ನ ಗಂಡ ಪ್ರಸಾದನೋ ಮರಾಠಿ ಶಾಲೆಯಲ್ಲಿ ಕಲಿತವನು, ಇದನ್ನು ಮೇಜಿನ ಮೇಲೆ ಬಿಟ್ಟು ಎದ್ದು ಹೋದರೂ ಓದಲಾರ.

ಮೊದಲು ಒಂದು ವಿಷಯ ಹೇಳಿಬಿಡುತ್ತೇನೆ. ಕೇಳಿ ನೀನು ಬೈದರೂ ಸರಿ, ನಕ್ಕರೂ ಸರಿ. ನಿನ್ನ ಕ್ಲಾಸು ನಿಂತಿಲ್ಲ. ಮನೆಯ ಮುಂದಿನ ನಮ್ಮ ಅಂಗಡಿಯ ಮೇಲಿನ ಕೋಣೆಯಲ್ಲಿ, ಮಂಗಳವಾರ ಮತ್ತು ಶುಕ್ರವಾರ, ಎರಡರಿಂದ ನಾಲ್ಕರವರೆಗೆ, ಹಾಗೆಯೇ ನಡೆದಿದೆ. ನಡೆಸುತ್ತಿರುವವಳು ನಾನು. ಮೌಸ್ ಎಂದರೆ ಇಲಿ ಎಂದಷ್ಟೇ ಗೊತ್ತಿದ್ದವಳು ಹಳ್ಳಿಯ ಹೆಂಗಸರಿಗೆ ವೆಬ್‌ಸೈಟ್ ಮಾಡಲು ಕಲಿಸುತ್ತಿದ್ದೇನೆ. ಹೀಗೆ ಬರೆಯುವಾಗ ನನಗೇ ಇದು ಯಾರದೋ ಸಂಗತಿ ಅನ್ನಿಸುತ್ತದೆ.

ಆದದ್ದು ಹೀಗೆ. ಕ್ಲಾಸು ಸದ್ಯಕ್ಕೆ ಇಲ್ಲವೆಂದು ನೀನು ಎಲ್ಲರಿಗೂ ಮೆಸೇಜು ಕಳಿಸಿದ್ದೆಯಂತೆ. ಆದರೆ ನಾಲ್ಕು ಜನರ ಫೋನು ಗಂಡನ ಕೈಯಲ್ಲೋ ಮಗನ ಕೈಯಲ್ಲೋ ಇರುತ್ತದೆ, ಅವರು ನೋಡಿಯೇ ಇರಲಿಲ್ಲ. ನೀನು ಹೋದ ಮರುದಿನ ಶುಕ್ರವಾರ ಎರಡಕ್ಕೆ ಸರಿಯಾಗಿ ಬಂದು ಬಾಗಿಲಲ್ಲಿ ನಿಂತರು. ವಳಸಂಗದ ಛಾಯಾ, ಆ ಹೊಲಿಗೆ ಕೆಲಸದವಳು, ಮುಂದಿದ್ದಳು. ಹಿಂದೆ ಕಂದಲಗಾಂವದ ಬೀರವ್ವ, ಸೆರಗಿನ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡು. ಮೇಡಂ ಇಲ್ಲ, ತವರಿಗೆ ಹೋಗಿದ್ದಾಳೆ ಎಂದೆ. ಛಾಯಾ, "ನೀರ ಕುಡದ ಹೋಗ್ತೀವ್ರಿ ಕಾಕೂ" ಎಂದಳು. ನೀರು ಕೊಟ್ಟೆ. ಕುಡಿದರು. ತಂಬಿಗೆಯನ್ನು ತೊಳೆದು ಬೋರಲಿಟ್ಟರು. ಅಷ್ಟು ದೂರದಿಂದ ಬಸ್ಸು ಹಿಡಿದು ಬಂದವರು ತಂಬಿಗೆ ತೊಳೆದಿಟ್ಟು ಹಾಗೇ ಹೊರಟದ್ದು ನನಗೆ ಏಕೋ ಸರಿಯೆನಿಸಲಿಲ್ಲ. "ಬಂದೀರಿ, ಮ್ಯಾಲ ಹೋಗಿ ಕೂಡ್ರಿ, ಕಲತದ್ದ ಒಮ್ಮೆ ತಿರುವಿ ಹಾಕ್ರಿ" ಎಂದೆ. ಅಷ್ಟೇ ಅಂದದ್ದು. ಕೀಲಿ ತೆಗೆಯಲು ಮೇಲೆ ಹೋದವಳು ಕೆಳಗೆ ಇಳಿದಾಗ ನಾಲ್ಕೂವರೆಯಾಗಿತ್ತು.

ನಿನ್ನ ವಹಿ ಮೇಜಿನ ಮೇಲೆಯೇ ಇತ್ತು. ಪಾಠಗಳನ್ನು ಕನ್ನಡದಲ್ಲಿ ಎಷ್ಟು ಅಚ್ಚುಕಟ್ಟಾಗಿ ಬರೆದಿದ್ದೀಯ! ಅವರಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಛಾಯಾ ಓದಿದ್ದೂ ಮರಾಠಿಯೇ. ಹಾಗಾಗಿ ನಾನು ಓದಿ ಹೇಳುವುದು, ಅವರು ಮಾಡುವುದು ಎಂದಾಯಿತು. "ಮೊದಲು ಒಂದು ಫೋಲ್ಡರ್ ಮಾಡಿರಿ" ಎಂದು ಓದಿದೆ. ಎಲ್ಲಿ ಮಾಡಬೇಕು, ಅದು ಹೇಗಿರುತ್ತದೆ, ಒಂದೂ ತಿಳಿಯದು. ಬೀರವ್ವ, "ಹಳದಿ ಬಣ್ಣದ್ದರಿ, ಚೀಲ ಇದ್ದಂಗ ಇರತೈತಿ" ಎಂದು ತೋರಿಸಿಕೊಟ್ಟಳು. ಕಲಿಸುವವಳಿಗೆ ಕಲಿಯುವವರೇ ಹೇಳಿಕೊಟ್ಟರು. ಅಂದು ಏನು ಕಲಿತೆವೋ ದೇವರಿಗೇ ಗೊತ್ತು. ನಾನು ಒಂದು ಗುಂಡಿ ಒತ್ತಿದ್ದಕ್ಕೆ ಛಾಯಾ ಬರೆದದ್ದೆಲ್ಲ ಮಾಯವಾಯಿತು, ಇನ್ನೊಂದು ಒತ್ತಿದ್ದಕ್ಕೆ ಎರಡೆರಡು ಸಲ ಬಂತು. ಹೋಗುವಾಗ ಅವರು, "ಮಂಗಳವಾರ ಬರೋಣೇನ್ರಿ?" ಎಂದರು. ಬೇಡ ಎನ್ನಲು ಬಾಯಿ ತೆರೆದೆ, "ಬರ್ರಿ" ಎಂದು ಹೊರಬಿತ್ತು.

ಮಂಗಳವಾರ ಆರು ಜನ ಬಂದರು. ಬೀರವ್ವ ತನ್ನ ಅತ್ತೆ ನೂಲುವ ಉಣ್ಣೆ, ಗಂಡ ನೇಯುವ ಕಂಬಳಿ, ಇವುಗಳ ಮೇಲೆ ಒಂದು ಪುಟ ಮಾಡಬೇಕೆಂದು ನಿನಗೆ ಹೇಳಿದ್ದಳಂತಲ್ಲ, ಎಲ್ಲರೂ ಸೇರಿ ಅದನ್ನೇ ಮಾಡೋಣ ಎಂದೆವು. ಅವಳು ಹೇಳಿದಳು, ನಾನು ಕನ್ನಡದಲ್ಲಿ ಕಾಗದದ ಮೇಲೆ ಬರೆದೆ, ಮರಾಠಿಯಲ್ಲಿ ಛಾಯಾ ಬರೆದಳು. ನೀನು ಕೀಬೋರ್ಡಿನ ಕೆಳಗೆ ಅಂಟಿಸಿದ್ದ ಕನ್ನಡ ಅಕ್ಷರದ ಚೀಟಿ ನೋಡಿ ನೋಡಿ ಅದನ್ನು ಕಂಪ್ಯೂಟರಿಗೆ ಇಳಿಸುವಷ್ಟರಲ್ಲಿ ನನ್ನ ಕುತ್ತಿಗೆ ಹಿಡಿದುಕೊಂಡಿತು. ಸೇವ್ ಮಾಡಿ ತೆರೆದರೆ ಪುಟದ ತುಂಬ ಬರೀ ಪ್ರಶ್ನೆಚಿಹ್ನೆಗಳು. ಒಂದೇ ಒಂದು ಅಕ್ಷರ ಉಳಿದಿರಲಿಲ್ಲ. ನಾನು ಬರೆದ ಪ್ರತಿಯೊಂದು ಮಾತಿಗೂ ಅದು ತಿರುಗಿ ಏನು, ಏನು ಎಂದು ಕೇಳಿದಂತಿತ್ತು. ಮತ್ತೆ ವಹಿ ತಿರುವಿದರೆ ಆರನೇ ಪುಟದ ಅಂಚಿನಲ್ಲಿ, ಕೆಂಪು ಪೆನ್ನಿನಲ್ಲಿ, ಸೇವ್ ಮಾಡುವಾಗ ಕೆಳಗಿನ ಪಟ್ಟಿಯಲ್ಲಿ ಯುಟಿಎಫ್ ಎಂಟು ಎಂಬುದನ್ನು ಆರಿಸದಿದ್ದರೆ ಕನ್ನಡ ಹೋಗಿಬಿಡುತ್ತದೆ ಎಂದು ಬರೆದಿದ್ದೀಯ. ಇಷ್ಟು ದೊಡ್ಡ ವಿಷಯವನ್ನು ಅಂಚಿನಲ್ಲಿ ಬರೆಯುತ್ತಾರೇನೇ! ಎಲ್ಲವನ್ನೂ ಎರಡನೇ ಸಲ ಬರೆದೆವು. ತಲೆಬರಹದ ಗುರುತನ್ನು ತೆರೆದವರು ಮುಚ್ಚಲು ಮರೆತದ್ದರಿಂದ ಇಡೀ ಪುಟ ಮೈಲಿಗಲ್ಲಿನ ಅಕ್ಷರದಷ್ಟು ದಪ್ಪಗಾಯಿತು. ಬೀರವ್ವನಿಗೆ ಮಾತ್ರ ಅದು ಇಷ್ಟವಾಗಿತ್ತು, "ಇರಲಿ ಬಿಡ್ರಿ, ದೂರಿಂದ ಕಾಣ್ತೈತಿ" ಎಂದಳು.

ನಿನ್ನ ಮಾವನವರು ಅಂದು ಸಂಜೆ, "ಅಂಗಡಿ ಮ್ಯಾಲ ಸಾಲಿ ಇಟ್ಟೀಯೇನ?" ಎಂದು ಕೇಳಿದರು. ನಾನೇನು ಇಟ್ಟೆ? ಅದು ನಿನ್ನದು. ಹಾಗೆಂದೇ ಹೇಳಿದೆ. ಅವರು ನನ್ನ ಮುಖವನ್ನೇ ನೋಡಿದರು.

ಮುಂದಿನ ಶುಕ್ರವಾರ, ಅಂದರೆ ಮೂವತ್ತೊಂದಕ್ಕೆ, ಪುಟವನ್ನು ಪಬ್ಲಿಷ್ ಮಾಡುವ ಪಾಠ. ನೀನು ಪುಕ್ಕಟೆ ಜಾಗ ಕೊಡುವ ಒಂದು ಸೈಟಿನಲ್ಲಿ ಕ್ಲಾಸಿನ ಹೆಸರಲ್ಲಿ ಖಾತೆ ತೆರೆದು ಇಟ್ಟಿದ್ದೆ, ಅದು ನಮ್ಮ ಪುಣ್ಯ. ಫೋಲ್ಡರನ್ನು ಎಳೆದು ತಂದು ಆ ಚೌಕದೊಳಗೆ ಬಿಡಬೇಕು ಎಂದು ಬರೆದಿದ್ದೀಯ. ಛಾಯಾ ಎಳೆದು ಬಿಟ್ಟಳು. ಹಸಿರು ಗೆರೆ ಓಡಿತು, ಆಯಿತು ಎಂದು ಬಂತು. ಕೆಳಗೆ ಒಂದು ಉದ್ದನೆಯ ವಿಳಾಸ ಕೊಟ್ಟಿತು. ಅದನ್ನು ಅವಳ ಫೋನಿನಲ್ಲಿ ಹೊಡೆದರೆ ಪುಟ ಸಿಗಲಿಲ್ಲ ಎಂಬ ಇಂಗ್ಲಿಷು! ಕಂಪ್ಯೂಟರಿನಲ್ಲಿ ತೆರೆದರೆ ಕಂಬಳಿಯ ಫೋಟೊ ಸಹಿತ ಸರಿಯಾಗಿ ಕಾಣುತ್ತದೆ, ಫೋನಿನಲ್ಲಿ ಇಲ್ಲವೇ ಇಲ್ಲ. ಹಾಗಾದರೆ ಅದು ಇರುವುದಾದರೂ ಎಲ್ಲಿ? ಮನೆಯಲ್ಲಿ ಇದೆ, ಹೊರಗೆ ಇಲ್ಲ, ಇದೆಂಥ ಲೆಕ್ಕ? ಮೂರು ಸಲ ಎಳೆದು ಬಿಟ್ಟೆವು. ಒಬ್ಬಳು ಇಂಟರ್‌ನೆಟ್ ಸರಿಯಿಲ್ಲ ಎಂದಳು, ಇನ್ನೊಬ್ಬಳು ಅಮಾವಾಸ್ಯೆ ಮುಗಿದು ಎರಡು ದಿನ ಆಗಿಲ್ಲ ಎಂದಳು. ನಿನಗೆ ಫೋನು ಮಾಡಿ ಕೇಳೋಣ ಎಂದು ಛಾಯಾ ನಂಬರು ತೆಗೆದಳು. ನಾನೇ ಬೇಡ ಎಂದೆ. ಏಕೆ ಬೇಡ ಎಂದೆ ಎಂದು ಈಗಲೂ ಹೇಳಲಾರೆ. ನಿನ್ನನ್ನು ಕೇಳದೆ ನಿನ್ನ ಕುರ್ಚಿಯಲ್ಲಿ ಕೂತಿದ್ದೇನೆ ಎಂಬ ನಾಚಿಕೆಯೋ, ಫೋನಿನಲ್ಲಿ ನೀನು ಮತ್ತೆ "ಆರಾಮ ಅದೀನ್ರಿ" ಅಂದುಬಿಡುತ್ತೀ ಎಂಬ ಅಂಜಿಕೆಯೋ.

ಆಗ ಬೀರವ್ವ ವಹಿಯನ್ನು ತನ್ನ ಮುಂದೆ ಎಳೆದುಕೊಂಡಳು. ಅವಳಿಗೆ ಇಂಗ್ಲಿಷು ಒಂದಕ್ಷರ ಬಾರದು. ವಹಿಯ ಮೇಲೆ ಬೆರಳಿಟ್ಟು, ಪರದೆಯ ಮೇಲೆ ಬೆರಳಿಟ್ಟು, ಒಂದೊಂದೇ ಅಕ್ಷರವನ್ನು ತಮ್ಮದೋ ಅಲ್ಲವೋ ಎಂದು ಕುರಿಯ ಕಿವಿಯ ಗುರುತು ನೋಡಿದ ಹಾಗೆ ನೋಡುತ್ತ ಹೋದಳು. ಕೊನೆಗೆ, "ಬಾಯಾರ, ವಹಿಯಾಗಿನದರ ತಲಿ ಮ್ಯಾಲ ಚುಕ್ಕಿ ಐತಿ. ನೀವು ಬರದದ್ದಕ್ಕ ಇಲ್ಲ" ಎಂದಳು. ಫೈಲಿಗೆ ಇಂಡೆಕ್ಸ್ ಎಂದು ಹೆಸರಿಟ್ಟವಳು ನಾನೇ. ನೀನು ಸಣ್ಣಕ್ಷರದ ಐ ಬರೆದಿದ್ದೆ, ನಾನು ದೊಡ್ಡಕ್ಷರದ್ದು ಹಾಕಿದ್ದೆ. ಮೊದಲನೆಯ ಪುಟ, ಬಾಗಿಲಿದ್ದ ಹಾಗೆ, ಮರ್ಯಾದೆಯಿಂದ ದೊಡ್ಡಕ್ಷರದಲ್ಲಿ ಇರಲಿ ಎಂದು! ಚುಕ್ಕಿಯದನ್ನು ಹಾಕಿ ನಾಲ್ಕನೇ ಸಲ ಬಿಟ್ಟೆವು. ಫೋನಿನಲ್ಲಿ ಬೀರವ್ವನ ಕಂಬಳಿ ಬಂತು, ಕರಿಯದು, ಅಂಚಿಗೆ ಬಿಳಿ ಗೆರೆ. ಅವಳು ಕೈಯನ್ನು ಸೆರಗಿಗೆ ಒರೆಸಿಕೊಂಡು ಫೋನು ಮುಟ್ಟಿದಳು. "ಇದು ನಮ್ಮ ಊರಾಗೂ ಕಾಣತೈತೇನ್ರಿ?" ಎಂದಳು. ಕಾಣುತ್ತದೆ ಎಂದೆ. "ಈ ಕಂಪ್ಯೂಟರ್ ಬಂದ್ ಮಾಡಿದ್ರೂ?" ಎಂದಳು. ಬಂದ್ ಮಾಡಿ ನೋಡಿದೆವು. ಆಗಲೂ ಕಾಣುತ್ತಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಕಂಪ್ಯೂಟರ್ ಆರಿಸಿದ ಮೇಲೆ ಆ ಕಂಬಳಿ ಯಾವ ಊರಿನಲ್ಲಿ ಕೂತಿರುತ್ತದೆ ಎಂಬುದು ನನಗಿನ್ನೂ ತಿಳಿದಿಲ್ಲ. ವಹಿಯಲ್ಲಿ ಹುಡುಕಿದೆ, ಸಿಗಲಿಲ್ಲ.

ಇಲ್ಲಿಯವರೆಗಿನದನ್ನು ನಿನ್ನೆಯೇ ಬರೆದಿದ್ದೆ, ಮೇಲಿನ ತಾರೀಖು ಮಾತ್ರ ಇವತ್ತು ಹಾಕಿದ್ದು. ಇನ್ನು ಮುಂದಿನದು ಬರೆಯಲು ಕಷ್ಟ, ಅದಕ್ಕೇ ಬೆಳಿಗ್ಗೆಯಿಂದ ಕಾಗದ ಮಡಿಚುತ್ತೇನೆ, ಬಿಚ್ಚುತ್ತೇನೆ.

ಮೊನ್ನೆ ಮಂಗಳವಾರ, ರಥಸಪ್ತಮಿಯ ದಿನ, ಎಂಟೂ ಜನ ಬಂದಿದ್ದರು. ಕ್ಲಾಸಿನದೇ ಒಂದು ಪುಟವನ್ನು ನೀನು ಅರ್ಧ ಮಾಡಿಟ್ಟಿದ್ದೆಯಲ್ಲ, ಅದನ್ನು ಮಾದರಿಗೆಂದು ತೆರೆದೆವು. ನೋಡುವವರಿಗೆ ಅದರಲ್ಲಿ ಕ್ಲಾಸಿನ ಹೆಸರು, ದಿನ, ಹೊತ್ತು ಮಾತ್ರ ಕಾಣುತ್ತದೆ. ಆದರೆ ಒಳಗಿನ ಬರಹವನ್ನು ತೆರೆದರೆ, ನಮಗೆ ನಾವೇ ಬರೆದುಕೊಳ್ಳುವ ಟಿಪ್ಪಣಿಯ ಗುರುತುಗಳ ನಡುವೆ, ಒಂದು ಸಾಲು ಇತ್ತು: "ವಿಳಾಸ: ಅತ್ತಿಯವರನ್ನು ಕೇಳಿ ಹಾಕಬೇಕು." ಅದನ್ನು ಗಟ್ಟಿಯಾಗಿ ಓದಿಬಿಟ್ಟೆ. ಓದುವುದೇ ನನ್ನ ಕೆಲಸವಾಗಿತ್ತಲ್ಲ. ನೀನು ಕೇಳಿದ್ದೆ, ಪ್ರಣಿತಾ. ದೀಪಾವಳಿಯ ಸಮಯ, ನಾನು ಚಕ್ಕುಲಿ ಕರಿಯುತ್ತಿದ್ದೆ. "ಕ್ಲಾಸಿಗೆ ನಮ್ಮ ಮನಿ ಅಡ್ರೆಸ್ ಹಾಕಲೇನ್ರಿ?" ಎಂದಿದ್ದೆ. "ಈಗ ಬ್ಯಾಡ, ನೋಡೋಣ" ಎಂದಿದ್ದೆ ನಾನು. ನಾನು ನೋಡಲೂ ಇಲ್ಲ, ನೀನು ಮತ್ತೆ ಕೇಳಲೂ ಇಲ್ಲ. ಬೇಡ ಎಂದದ್ದು ಏಕೆ? ಪೇಟೆಯವರು ಏನೆಂದಾರು ಎಂದೋ, ಚಕ್ಕುಲಿ ಸೀದೀತೆಂದೋ. ನಿಜವಾಗಿ ಗೊತ್ತಿಲ್ಲ. ಈಗ ಹೇಳುತ್ತೇನೆ, ಹಾಕು. ಮನೆಯ ನಂಬರು, ಅಂಗಡಿಯ ಹೆಸರು, ಎರಡನ್ನೂ ಹಾಕು. ನಾನೇ ಹಾಕಿಬಿಡಬಹುದಿತ್ತು, ಎಲ್ಲಿ ಬರೆಯಬೇಕೆಂದು ಈಗ ಗೊತ್ತು. ಆದರೆ ಪುಟ ನಿನ್ನದು.

ಅಂದೇ ನಾನು ಬೀರವ್ವನನ್ನು ಕೇಳಿದೆ. ಕೇಳಬಾರದಿತ್ತೇನೋ. "ನಿಮ್ಮ ಮೇಡಂ ನನ್ನ ಮ್ಯಾಲ ಸಿಟ್ಟಾಗ್ಯಾಳೇನ? ನಿನಗೇನರ ಗೊತ್ತದೇನ?" ಎಂದೆ. ಅವಳು ಛಾಯಾಳ ಮುಖ ನೋಡಿದಳು. ಆಮೇಲೆ ಹೇಳಿದಳು, "ಸಿಟ್ಟ ನಮಗ ಗೊತ್ತಿಲ್ರಿ ಬಾಯಾರ. ಅವತ್ತ ನೀವು ನಮ್ಮನ್ನ ಎಬ್ಬಿಸಿ ಕಳಿಸಿದ್ರಲ್ರಿ, ಅವತ್ತ ಮೇಡಮ್ಮೋರು ರಿಕ್ಷಾ ಸ್ಟ್ಯಾಂಡ್ ತನಕ ನಮ್ಮ ಜೋಡಿ ನಡಕೋತ ಬಂದ್ರು. ತಪ್ಪ ತಿಳ್ಕೋಬ್ಯಾಡ್ರಿ, ತಪ್ಪ ತಿಳ್ಕೋಬ್ಯಾಡ್ರಿ ಅಂತ ಒಬ್ಬೊಬ್ಬರ ಕೈ ಹಿಡದ್ರು. ಕಾಲಾಗ ಚಪ್ಪಲ ಇದ್ದಿದ್ದಿಲ್ರಿ."

ಅಂದರೆ ಜನವರಿ ಇಪ್ಪತ್ತೊಂದು. ಸಂಕ್ರಾಂತಿಯ ಅರಿಶಿನ ಕುಂಕುಮಕ್ಕೆ ನಾನು ನಾಲ್ಕಕ್ಕೆ ಕರೆದಿದ್ದೆ, ಪೇಟೆಯ ಹೆಂಗಸರು ಮೂರಕ್ಕೇ ಬಂದರು. ಮೆಟ್ಟಿಲ ತುಂಬ ನಿನ್ನ ಕ್ಲಾಸಿನವರ ಚಪ್ಪಲಿಗಳಿದ್ದವು. ಬಂದವರಲ್ಲಿ ಒಬ್ಬಳು, "ಮ್ಯಾಲ ಏನ ನಡದದ್ರಿ, ಇವೆಲ್ಲ ಯಾರವು?" ಎಂದು ಮೂಗಿಗೆ ಸೆರಗು ಹಿಡಿದಳು. ನನಗೆ ಹೇಗೋ ಆಯಿತು. ಮೆಟ್ಟಿಲ ಕೆಳಗೆ ನಿಂತು, "ಪ್ರಣಿತಾ, ಸಾಕ್ ಮಾಡು ನಿನ್ನ ಆಟ, ಅವರನ್ನ ಕಳಸು" ಎಂದು ಕೂಗಿದೆ. ಅವರು ಎಂಟು ಜನ ಒಬ್ಬರ ಹಿಂದೆ ಒಬ್ಬರು ಇಳಿದು, ಕೂತಿದ್ದವರ ನಡುವೆ ದಾರಿ ಮಾಡಿಕೊಂಡು, ಅರಿಶಿನ ಕುಂಕುಮದ ತಟ್ಟೆಯ ಪಕ್ಕದಿಂದಲೇ ಹೊರಗೆ ಹೋದರು. ಎಂಟು ಜನ ಮುತ್ತೈದೆಯರು. ತಟ್ಟೆ ನನ್ನ ಕೈಯಲ್ಲೇ ಇತ್ತು. ನೀನು ಅವರ ಹಿಂದೆ ಇಳಿದು ಹೋದದ್ದನ್ನೂ ನೋಡಿದೆ, ಕೊತ್ತಂಬರಿ ತರಲು ಹೋದೆ ಎಂದುಕೊಂಡೆ. ಮರಳಿ ಬಂದು ನೀನು ಎಲ್ಲರಿಗೂ ಎಳ್ಳು ಹಂಚಿದೆ, ಚಹಾ ಕೊಟ್ಟೆ, ನಕ್ಕೆ. ನಾನು ಹೇಗೆ ತಿಳಿಯಬೇಕಿತ್ತು ಎಂದು ಮೊದಲು ಅನ್ನಿಸಿತು. ತಿಳಿಯಬೇಕಿತ್ತು ಎಂದು ಆಮೇಲೆ ಅನ್ನಿಸಿತು. ಆ ಎಂಟು ಜನರಿಗೆ ಕುಂಕುಮ ಹಚ್ಚುವುದನ್ನು ಮರೆತೆನೋ, ಪೇಟೆಯವರ ಎದುರಿಗೆ ಬೇಕೆಂದೇ ಬಿಟ್ಟೆನೋ ಎಂದು ಮೂರು ದಿನದಿಂದ ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ. ಮರೆತೆ ಎಂದು ಹೇಳಿಕೊಳ್ಳಲು ಮನಸ್ಸಾಗುತ್ತದೆ. ಆದರೆ ನನಗೆ ಅಂಥ ಮರೆವಿಲ್ಲ ಎಂದು ನಿನಗೂ ಗೊತ್ತು.

ಮೊನ್ನೆ ರಥಸಪ್ತಮಿ, ಕುಂಕುಮ ಕೊಡಲು ಅದೇ ಕಡೆಯ ದಿನ. ಕೆಳಗೆ ಇಳಿದು ತಟ್ಟೆ ತಂದೆ. ಎಂಟೂ ಜನರಿಗೆ ಹಚ್ಚಿದೆ, ಉಡಿಗೆ ಬಾರೆಹಣ್ಣು, ಕಡಲೆ ಹಾಕಿದೆ. ಯಾರೂ ಬೇಡವೆನ್ನಲಿಲ್ಲ. ಬೀರವ್ವ ನನ್ನ ಕಾಲಿಗೆ ಬಾಗಿದಳು, ನಾನು ಎಬ್ಬಿಸಿದೆ. ಇಷ್ಟಾದ ಮೇಲೆ ಎದೆ ಹಗುರಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ. ಏಕೆಂದರೆ ನಾನು ಆ ಮಾತು ಅಂದದ್ದು ಅವರಿಗಲ್ಲ, ನಿನಗೆ. ಆಟ ಎಂದೆ. ಎರಡು ವಾರ ಆ ಕುರ್ಚಿಯಲ್ಲಿ ಕೂತ ಮೇಲೆ ಹೇಳುತ್ತೇನೆ, ಅದು ಆಟವಲ್ಲ. ನನಗೆ ಮನೆ ನಡೆಸುವುದು ಇದಕ್ಕಿಂತ ಸುಲಭ. ತಪ್ಪಾಯಿತು, ಪ್ರಣಿತಾ. ಅತ್ತೆಯರು ಸೊಸೆಯರಿಗೆ ಹೀಗೆ ಬರೆಯುವ ರೂಢಿ ಇದೆಯೋ ಇಲ್ಲವೋ ತಿಳಿಯದು, ನನ್ನ ಅತ್ತೆ ನನಗೆ ಬರೆದಿರಲಿಲ್ಲ. ಆದರೆ ಇದಕ್ಕೂ ನಿನ್ನ ತವರಿನ ವಾಸಕ್ಕೂ ಸಂಬಂಧವೇ ಇಲ್ಲದೆ, ನಿಜವಾಗಿ ತಾಯಿಯವರ ಮೊಣಕಾಲೇ ಕಾರಣವಾಗಿದ್ದರೆ, ಈ ಮುದುಕಿ ಏನೇನೋ ಬರೆದಿದ್ದಾಳೆ ಎಂದು ನಕ್ಕುಬಿಡು. ಅದೂ ನನಗೆ ಒಳ್ಳೆಯದೇ.

ಪ್ರಸಾದ ಸರಿಯಾಗಿ ಉಣ್ಣುತ್ತಿದ್ದಾನೆ, ಚಿಂತೆ ಬೇಡ. ಅಂದು ಅವನೂ ಅಂಗಡಿಯಲ್ಲಿದ್ದ, ಕೂಗಿದ್ದು ಕೇಳಿಸಿತ್ತು, ಸುಮ್ಮನಿದ್ದ. ಅದಕ್ಕೆ ಅವನನ್ನು ನಾನು ಬೈದಿದ್ದೇನೆ. ನಿನ್ನ ಪಾಲಿಗೂ ಸ್ವಲ್ಪ ಉಳಿಸಿದ್ದೇನೆ. ತುಳಜಾಬಾಯಿಯವರಿಗೆ ನನ್ನ ನಮಸ್ಕಾರ. ನಿನಗೆ ಆಯುಷ್ಯ ಆರೋಗ್ಯ ಕೊಟ್ಟು ಆ ಸಿದ್ಧರಾಮ ಕಾಪಾಡಲಿ. ಛಾಯಾ ವಳಸಂಗದಲ್ಲಿ ಇಳಿಯದೆ ಅಕ್ಕಲಕೋಟೆಯವರೆಗೂ ಬಂದು ಈ ಕಾಗದವನ್ನು ನಿನ್ನ ಕೈಗೇ ಕೊಡುತ್ತೇನೆ ಎಂದಿದ್ದಾಳೆ. ಅವಳಿಗೆ ಏನಾದರೂ ತಿನ್ನಲು ಕೊಡು, ಮಧ್ಯಾಹ್ನ ಉಂಡಿಲ್ಲ.

ನಿನ್ನ ಅತ್ತೆ,
ಕಸ್ತೂರಬಾಯಿ

ತಾ.ಕ.: ಛಾಯಾ ಚೀಲ ಹೆಗಲಿಗೇರಿಸಿ ನಿಂತಿದ್ದಾಳೆ, ಮುಖ್ಯವಾದದ್ದನ್ನೇ ಬರೆದಿಲ್ಲ. ಬರುವ ಮಂಗಳವಾರ ಇಲ್ಲಿ ಕ್ಲಾಸು ಇಲ್ಲ. ಹನ್ನೊಂದರ ಬಸ್ಸಿಗೆ ನಾವೇ ಅಕ್ಕಲಕೋಟೆಗೆ ಬರುತ್ತೇವೆ, ಇವತ್ತು ಎಲ್ಲರೂ ಸೇರಿ ನಿರ್ಧರಿಸಿದೆವು. ನಿನ್ನ ಲ್ಯಾಪ್‌ಟಾಪ್ ಒಂದಿದ್ದರೆ ಸಾಕಂತೆ. ಹೆದರಬೇಡ, ಮನೆಗೆ ಬಾ ಎಂಬ ಮಾತನ್ನು ನಾನು ಎತ್ತುವುದಿಲ್ಲ, ಪ್ರಸಾದನಿಗೂ ಬರಬೇಡ ಎಂದಿದ್ದೇನೆ. ಬರುವುದು ಇರುವುದು ನಿನ್ನ ಇಷ್ಟ. ರೊಟ್ಟಿ, ಶೇಂಗಾ ಚಟ್ನಿ ನಾವೇ ಕಟ್ಟಿಕೊಂಡು ಬರುತ್ತೇವೆ, ತಾಯಿಯವರನ್ನು ಒಲೆಯ ಮುಂದೆ ನಿಲ್ಲಿಸಬೇಡ. ಅವರು ಎಂಟು ಜನ, ಒಂಬತ್ತನೆಯವಳು ನಾನು. ಸೇರಿಸಿಕೊಂಡರೆ ಹಿಂದಿನ ಸಾಲಿನಲ್ಲಿ ಕೂಡುತ್ತೇನೆ. ಇಲ್ಲವೆಂದರೆ ಎಲ್ಲರ ಚೀಲ ಕಾಯುತ್ತ ಹೊರಗೆ ಕಟ್ಟೆಯ ಮೇಲೆ ಕೂತಿದ್ದು, ಸಂಜೆ ಅವರ ಜೊತೆಗೇ ಮರಳುತ್ತೇನೆ.